ಎಂಟು ದಿನದ ಕೂಸುಗಳು

ಮಗಳ ಬಾಣಂತನಕ್ಕೆಂದು ಕೆಲವು ವರ್ಷಗಳ ಹಿಂದೆ ನಾಲ್ಕು ತಿಂಗಳು ಗ್ಲಾಸ್ಗೋದಲ್ಲಿದ್ದೆ. ಮೆಂತ್ಯ, ಓಮ, ಬಜೆ, ಅಳಲೆಕಾಯಿ, ಮನೆಯಲ್ಲೇ ಕಾಯಿಸಿ ಸೋಸಿದ ಕೊಬ್ಬರಿ ಎಣ್ಣೆ, ಹಳೆಯ ಪಂಚೆ ಹರಿದು ಒಗೆದು ಮಡಿಸಿದ ಬಟ್ಟೆ, ಇಷ್ಟನ್ನೂ ಪೆಟ್ಟಿಗೆಗೆ ತುರುಕಿಕೊಂಡು ಹೋದವಳಿಗೆ ಅಲ್ಲಿ ನೋಡಿದರೆ ಅಂಥ ಕೆಲಸವೇ ಇರಲಿಲ್ಲ. ನಲ್ಲಿ ತಿರುಗಿಸಿದರೆ ಬಿಸಿನೀರು. ಬಟ್ಟೆ ಒಗೆಯಲು ಯಂತ್ರ. ಅಡಿಗೆ ಅಳಿಯನದು, ಅದೂ ನನ್ನ ಅಡಿಗೆಗಿಂತ ರುಚಿ. ಹೊರಗೆ ಸದಾ ಮಳೆ. ತೀರ್ಥಹಳ್ಳಿ ಕಡೆಯವಳಿಗೆ ಮಳೆ ಏನು ಹೊಸದೇ? ಆದರೆ ನಮ್ಮ ಮಳೆ ಕೂಗಿ ಹೇಳಿ ಬರುತ್ತದೆ, ಸುರಿದು ಹೋಗುತ್ತದೆ. ಅಲ್ಲಿಯದು ಗೊಣಗುವ ಮುದುಕಿಯ ಹಾಗೆ ದಿನವಿಡೀ ಬಾಗಿಲಲ್ಲೇ ಕೂತಿರುತ್ತದೆ.

ನಾನು ಸುಮ್ಮನೆ ಕೂತು ಕೂತು ಬೇಸರ ಪಡುವುದನ್ನು ಕಂಡು ಅಳಿಯ ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದುಕೊಟ್ಟ. "ಓದೋದು ಕಮ್ಮಿ, ಫೋಟೋನೇ ಜಾಸ್ತಿ ಅತ್ತೆ" ಅಂದ. ಸೇಂಟ್ ಕಿಲ್ಡಾ ಎಂಬ ದ್ವೀಪದ ಹಳೆಯ ಕಪ್ಪು ಬಿಳುಪು ಚಿತ್ರಗಳು. ಕೂಸು ಮಲಗಿದಾಗ ತೊಟ್ಟಿಲ ಪಕ್ಕದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತಿರುವತೊಡಗಿದೆ.

ಮೊದಲು ಕಣ್ಣಿಗೆ ಬಿದ್ದದ್ದು ಒಂದು ಬೀದಿ. ಒಂದೇ ಸಾಲಿನಲ್ಲಿ ಕಲ್ಲಿನ ಮನೆಗಳು, ಮುಂದೆ ಕಲ್ಲು ಹಾಸಿದ ದಾರಿ, ಅದರ ಕೆಳಗೆ ಸಣ್ಣ ಸಣ್ಣ ಹೊಲ, ಆಮೇಲೆ ಕಡಲು. ಬೀದಿಯಲ್ಲಿ ಗಡ್ಡದ ಗಂಡಸರು ಎರಡು ಸಾಲಾಗಿ ನಿಂತಿದ್ದಾರೆ. 1886ರಲ್ಲಿ ಜಾರ್ಜ್ ವಾಷಿಂಗ್ಟನ್ ವಿಲ್ಸನ್ ಅವರ ಫೋಟೋ ಕಂಪನಿಯವರು ತೆಗೆದ ಚಿತ್ರವಿದು. ಅದಕ್ಕೆ 'ಪಾರ್ಲಿಮೆಂಟು' ಎಂದು ಹೆಸರು. ದಿನಾ ಬೆಳಿಗ್ಗೆ ಊರಿನ ಗಂಡಸರು ಬೀದಿಯಲ್ಲಿ ಸೇರಿ ಅಂದಿನ ಕೆಲಸ ಏನೆಂದು ತೀರ್ಮಾನಿಸುತ್ತಿದ್ದರು: ಹಕ್ಕಿಗೆ ಹೋಗುವುದೋ, ಕುರಿ ಉಣ್ಣೆ ತೆಗೆಯುವುದೋ, ದೋಣಿ ರಿಪೇರಿಯೋ. ಅಧ್ಯಕ್ಷರಿಲ್ಲ, ಕಾಯಿದೆ ಪುಸ್ತಕವಿಲ್ಲ. ಕೆಲವೊಮ್ಮೆ ಮಾತಿನಲ್ಲೇ ಹಗಲು ಮುಗಿದು ಕೆಲಸ ನಾಳೆಗೆ ಹೋಗುತ್ತಿತ್ತಂತೆ. ನನಗೆ ನಗು ಬಂತು. ನಮ್ಮ ಅಜ್ಜನ ಮನೆಯ ಜಗಲಿಯೂ ಇಂಥದೇ ಪಾರ್ಲಿಮೆಂಟಾಗಿತ್ತು. ಎಲೆಯಡಿಕೆ ತಟ್ಟೆ ಒಂದು ಹೆಚ್ಚು, ಅಷ್ಟೇ.

ಪುಟ ತಿರುವಿದ ಹಾಗೆ ಏನೋ ಒಂದು ಹಂಬಲ ಹತ್ತಿಕೊಂಡಿತು. ಬರಿಗಾಲಿನ ಮಕ್ಕಳು. ಮನೆಯ ಗೋಡೆಗೆ ಒರಗಿ ಕಾಲುಚೀಲ ಹೆಣೆಯುವ ಹೆಂಗಸರು. ಮಧ್ಯದಲ್ಲಿ ಹಕ್ಕಿಗಳ ದೊಡ್ಡ ರಾಶಿ ಹಾಕಿಕೊಂಡು ಮನೆಮನೆಗೆ ಪಾಲು ಹಂಚುತ್ತಿರುವ ಜನ. ಪ್ರಪಾತಕ್ಕೆ ಇಳಿಯಲಾರದ ಮುದುಕರಿಗೆ, ದುಡಿಯುವ ಗಂಡಸಿಲ್ಲದ ವಿಧವೆಯ ಮನೆಗೆ ಕೂಡ ಪಾಲು ತಪ್ಪುತ್ತಿರಲಿಲ್ಲ. ಎಂಥ ಬದುಕು, ಎಲ್ಲಿ ಹೋಯಿತು ಇದೆಲ್ಲ ಅನ್ನಿಸಿ ಕಣ್ಣಲ್ಲಿ ನೀರು. ನಾನು ಕಂಡಿರದ ಊರು, ನನ್ನ ಭಾಷೆಯವರಲ್ಲ, ತಿನ್ನುವುದು ಹಕ್ಕಿ. ಅಡಿಗೆ ಮನೆಗೆ ಮೊಟ್ಟೆ ತಾರದವಳು ನಾನು. ಆದರೂ ತವರು ನೆನಪಾದಂತೆ ಸಂಕಟವಾಯಿತು.

ಈ ದ್ವೀಪದ ವಿಷಯ ಸ್ವಲ್ಪ ಹೇಳಬೇಕು. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಹೆಬ್ರಿಡಿಸ್ ಎಂಬ ದ್ವೀಪಗಳ ಸಾಲಿದೆ. ಅದನ್ನೂ ದಾಟಿ ಸುಮಾರು 65 ಕಿ.ಮೀ. ಅಟ್ಲಾಂಟಿಕ್ ಸಾಗರದೊಳಗೆ ಹೋದರೆ ನೀರಿನಿಂದ ಎದ್ದು ನಿಂತ ಕೆಲವು ಬಂಡೆಗಳು, ನಾಲ್ಕು ದ್ವೀಪಗಳು. ಎಲ್ಲ ಸೇರಿ ಸೇಂಟ್ ಕಿಲ್ಡಾ. ಜನ ಇದ್ದದ್ದು ಹಿರ್ಟಾ ಎಂಬ ಒಂದೇ ದ್ವೀಪದಲ್ಲಿ. ಮರ ಎಂಬುದಿಲ್ಲ. ಕೊನಾಖರ್ ಎಂಬ ಗುಡ್ಡ 430 ಮೀಟರ್ ಎತ್ತರಕ್ಕೆ ಏರಿ ಅಲ್ಲಿಂದ ನೇರ ಕಡಲಿಗೆ ಬೀಳುತ್ತದೆ. ಹೆಸರಿನಲ್ಲಿ ಸಂತರಿದ್ದಾರಲ್ಲ, ಆ ಹೆಸರಿನ ಸಂತರು ಯಾರೂ ಇರಲೇ ಇಲ್ಲವಂತೆ! ಯಾವುದೋ ಪದ ನಕ್ಷೆ ಬರೆಯುವವರ ಕೈಯಲ್ಲಿ ಸಂತರಾಗಿರಬೇಕು. ಮೆಲ್ಬರ್ನಿನಲ್ಲಿ ಸೇಂಟ್ ಕಿಲ್ಡಾ ಎಂಬ ಬಡಾವಣೆಯಿದೆ. ಅದು ಈ ದ್ವೀಪದ ಹೆಸರಿಟ್ಟುಕೊಂಡ ಒಂದು ಹಾಯಿಹಡಗಿನಿಂದ ಬಂದ ಹೆಸರು.

ಅಲ್ಲಿಯ ಜನ ಗೇಲಿಕ್ ಮಾತಾಡುವವರು. ಸುತ್ತ ಕಡಲಿದ್ದರೂ ಮೀನಿಗಿಂತ ಹಕ್ಕಿಯೇ ಅವರ ಅನ್ನ. ಅಲೆಯ ಹೊಡೆತಕ್ಕೆ ದೋಣಿ ಇಳಿಸುವುದೇ ಕಷ್ಟ. ಪ್ರಪಾತದ ಸಂದುಗಳಲ್ಲಿ ಮಾತ್ರ ಲಕ್ಷಗಟ್ಟಲೆ ಹಕ್ಕಿ: ಫುಲ್ಮರ್, ಗ್ಯಾನೆಟ್, ಪಫಿನ್. ಗಂಡಸರು ಸೊಂಟಕ್ಕೆ ಹಗ್ಗ ಕಟ್ಟಿ ಇಳಿದು ಹಿಡಿಯುತ್ತಿದ್ದರು. ಮಾಂಸ ಊಟಕ್ಕೆ, ಎಣ್ಣೆ ದೀಪಕ್ಕೆ, ಗರಿ ಒಡೆಯನಿಗೆ ಗೇಣಿ. ಹೌದು, ಗೇಣಿ. ದ್ವೀಪ ಮ್ಯಾಕ್ಲಾಯ್ಡ್ ಮನೆತನದ ಆಸ್ತಿ. ಗರಿ, ಎಣ್ಣೆ, ನೇಯ್ದ ಉಣ್ಣೆ ಬಟ್ಟೆ ಎಲ್ಲ ಅವರ ಕಡೆಯವನು ಬಂದು ಲೆಕ್ಕ ಹಾಕಿ ಒಯ್ಯುತ್ತಿದ್ದ. 1876ರ ಒಂದೇ ವರ್ಷ 89,000ಕ್ಕೂ ಹೆಚ್ಚು ಪಫಿನ್ ಹಿಡಿದರೆಂಬ ಲೆಕ್ಕವಿದೆ. ಹಿಡಿದ ಹಕ್ಕಿಯನ್ನು ಗಾಳಿಗೆ ಒಣಗಿಸಲು ಕಲ್ಲಿನ ಗೂಡುಗಳು, ಹಿರ್ಟಾ ಒಂದರಲ್ಲೇ 1,200ಕ್ಕೂ ಹೆಚ್ಚು. ಗಾರೆಯಿಲ್ಲದೆ ಜೋಡಿಸಿದ ಗೋಡೆ, ಮೇಲೆ ಹುಲ್ಲಿನ ಹೆಂಟೆ. ನಮ್ಮ ಅಟ್ಟದ ಹಾಗೆ, ಇಡೀ ಗುಡ್ಡದ ಮೇಲೆ ಹರಡಿದ ಅಟ್ಟಗಳು.

ಮದುವೆಯಾಗಬೇಕಾದ ಹುಡುಗ ಪ್ರಪಾತದ ಅಂಚಿನ ಒಂದು ಬಂಡೆಯ ತುದಿಯಲ್ಲಿ ಒಂದೇ ಹಿಮ್ಮಡಿಯ ಮೇಲೆ ನಿಂತು ಮುಂದಕ್ಕೆ ಬಾಗಿ ತೋರಿಸಬೇಕಿತ್ತು ಎಂದು 1697ರಲ್ಲಿ ಅಲ್ಲಿಗೆ ಹೋಗಿದ್ದ ಮಾರ್ಟಿನ್ ಮಾರ್ಟಿನ್ ಬರೆದಿದ್ದಾರೆ. ಹೆಂಡತಿಗೆ ಅನ್ನ ಹಾಕಬಲ್ಲ ಎಂಬುದಕ್ಕೆ ಅದೇ ಪುರಾವೆ. ವರಪರೀಕ್ಷೆ ಎಂದರೆ ಅದಲ್ಲವೇ! ಇದನ್ನು ಓದಿ ಹೇಳಿದಾಗ ಮಗಳು ಅಡಿಗೆ ಮನೆಯ ಕಡೆ ನೋಡಿ ನಕ್ಕಳು.

ಈಗ ಹೆಂಗಸರು. ಫೋಟೋಗಳಲ್ಲಿ ಅವರು ಶಾಲು ಹೊದ್ದು, ತಲೆಗೆ ಬಟ್ಟೆ ಕಟ್ಟಿ, ಮುಂದೆ ಕೈ ಕಟ್ಟಿಕೊಂಡು ನಿಂತಿದ್ದಾರೆ. ಬೆನ್ನ ಮೇಲೆ ಹೊರೆಯಿರುವ ಚಿತ್ರಗಳೂ ಇವೆ. ಹಕ್ಕಿ ಹಿಡಿಯುವ ಸಾಹಸದ ಬಗ್ಗೆ ಪುಸ್ತಕ ತುಂಬ ಬರೆದಿದ್ದಾರೆ. ಆ ಹಕ್ಕಿಯ ಹೊರೆಯನ್ನು ಊರಿಗೆ ಹೊತ್ತವರು, ಕೂತು ಗರಿ ಕಿತ್ತವರು, ನಾಯಿ ಕರೆದುಕೊಂಡು ಹೋಗಿ ಬಿಲದಿಂದ ಪಫಿನ್ ಎಳೆದು ತಂದವರು ಹೆಂಗಸರು. ಬೇಸಿಗೆಯಲ್ಲಿ ದನ ಗುಡ್ಡದ ಆಚೆಯ ಕಣಿವೆಯಲ್ಲಿ ಮೇಯುತ್ತಿದ್ದವು. ಹಾಲು ಕರೆಯಲು ಹುಡುಗಿಯರು ಗುಡ್ಡ ಹತ್ತಿ ಇಳಿದು ಹೋಗಿ, ಹಾಲು ಹೊತ್ತು ಮತ್ತೆ ಹತ್ತಿ ಇಳಿದು ಬರಬೇಕು. ಚಳಿಗಾಲದ ರಾತ್ರಿ ಉಣ್ಣೆ ನೂಲುವುದು ಅವರದು, ಮಗ್ಗ ಗಂಡಸರದು. ಪಾರ್ಲಿಮೆಂಟಿನಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಗಂಡಸರು ಅಲ್ಲಿ ದಿನವಿಡೀ ಮಾತಾಡಿ ಕೆಲಸ ನಾಳೆಗೆ ಹಾಕಬಹುದಿತ್ತು. ದನದ ಕೆಚ್ಚಲು ನಾಳೆಗೆ ನಿಲ್ಲುತ್ತದೆಯೇ?

ಫೋಟೋ ಬರುವ ಮೊದಲೇ ಈ ದ್ವೀಪ ಒಬ್ಬ ಹೆಂಗಸಿಗೆ ಸೆರೆಮನೆಯಾಗಿತ್ತು. ಎಡಿನ್‌ಬರೋದ ನ್ಯಾಯಾಧೀಶನೊಬ್ಬನ ಹೆಂಡತಿ ಲೇಡಿ ಗ್ರೇಂಜ್. ಗಂಡನೊಂದಿಗೆ ಜಗಳವಾಗಿ ಬೇರೆಯಾದ ಮೇಲೆ, ಅವನ ರಾಜಕೀಯದ ಗುಟ್ಟು ಬಯಲು ಮಾಡುತ್ತಾಳೆಂದು 1732ರಲ್ಲಿ ಅವಳನ್ನು ಮನೆಯಿಂದಲೇ ಹೊತ್ತೊಯ್ಯಿಸಿದ. 1734ರಿಂದ 1740ರವರೆಗೆ ಅವಳನ್ನು ಇಟ್ಟದ್ದು ಹಿರ್ಟಾದಲ್ಲಿ. ಸುತ್ತಲಿನವರ ಭಾಷೆ ಅವಳಿಗೆ ಬಾರದು. ಎಡಿನ್‌ಬರೋ ಪೇಟೆಯಲ್ಲಿ ಅವಳು ಸತ್ತಳೆಂದು ಸುದ್ದಿ ಹಬ್ಬಿಸಿ ಗಂಡ ನೆಮ್ಮದಿಯಾಗಿದ್ದ. ಕೊನೆಗೂ ಅವಳು ಮನೆ ಸೇರಲಿಲ್ಲ. 1745ರಲ್ಲಿ ಸ್ಕೈ ದ್ವೀಪದಲ್ಲಿ ಸತ್ತಳು. ನಾನು ಹಂಬಲದಿಂದ ನೋಡುತ್ತಿದ್ದ ಆ ಕಡಲಿನ ನೋಟವೇ ಅವಳಿಗೆ ಗೋಡೆಯಾಗಿತ್ತು.

ಮಗಳು ಹೆತ್ತು ಮನೆಗೆ ಬಂದ ಮೇಲೆ ಆಸ್ಪತ್ರೆಯ ಕಡೆಯಿಂದ ಸೂಲಗಿತ್ತಿ ಮನೆಗೇ ಬರುತ್ತಿದ್ದಳು. ಕೆನ್ನೆ ಕೆಂಪಗಿನ ಹುಡುಗಿ, ಮಗಳಿಗಿಂತ ಚಿಕ್ಕವಳು. ಕೈ ತೊಳೆದು, ಕೂಸಿನ ತೂಕ ನೋಡಿ, ಬಗ್ಗಿ ಹೊಕ್ಕುಳನ್ನು ಪರೀಕ್ಷಿಸುತ್ತಿದ್ದಳು. ನಾನು ಮೆಲ್ಲಗೆ ಕೊಬ್ಬರಿ ಎಣ್ಣೆಯ ಬಾಟಲಿ ತೋರಿಸಿ "ಹೊಕ್ಕುಳಿಗೆ?" ಎಂದು ಕೈಸನ್ನೆಯಲ್ಲಿ ಕೇಳಿದೆ. ಅವಳು ನಗುತ್ತಲೇ ತಲೆ ಅಲ್ಲಾಡಿಸಿದಳು. ಏನೂ ಹಚ್ಚಬಾರದು, ಒಣಗಿರಲಿ, ಅಷ್ಟೆ. ನನಗೆ ಸ್ವಲ್ಪ ಮುಖಭಂಗವಾಯಿತು ಅನ್ನಿ. ಎಣ್ಣೆ ತೆಗೆದುಕೊಂಡು ಹೋಗಿ ನನ್ನ ತಲೆಗೇ ಹಚ್ಚಿಕೊಂಡೆ.

ಅವತ್ತೇ ರಾತ್ರಿ ಪುಸ್ತಕದಲ್ಲಿ ಆ ಪುಟ ಸಿಕ್ಕಿತು. ಅದರಲ್ಲಿ ಫೋಟೋ ಇರಲಿಲ್ಲ. ಅದಕ್ಕೇ ಅಷ್ಟು ದಿನ ಅದನ್ನು ದಾಟಿ ಹೋಗಿದ್ದೆ. ಹಿರ್ಟಾದಲ್ಲಿ ಕೂಸುಗಳು ಗುಂಡಗೆ, ಆರೋಗ್ಯವಾಗಿ ಹುಟ್ಟುತ್ತಿದ್ದವು. ಮೂರು ನಾಲ್ಕು ದಿನ ಚೆನ್ನಾಗಿ ಹಾಲು ಕುಡಿಯುತ್ತಿದ್ದವು. ಐದನೆಯ ದಿನವೋ ಆರನೆಯ ದಿನವೋ ಬಾಯಿ ಬಿಗಿಯುತ್ತಿತ್ತು. ಮೊಲೆ ಚೀಪಲು ಆಗುತ್ತಿರಲಿಲ್ಲ. ಆಮೇಲೆ ಮೈ ಬಿಲ್ಲಿನಂತೆ ಹಿಂದಕ್ಕೆ ಸೆಟೆಯುವುದು. ಎಂಟನೆಯ ದಿನದ ಹೊತ್ತಿಗೆ ಮುಗಿಯುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರೇ 'ಎಂಟು ದಿನದ ಕಾಯಿಲೆ'. ಹತ್ತೊಂಬತ್ತನೆಯ ಶತಮಾನದ ಎಷ್ಟೋ ವರ್ಷ ಹುಟ್ಟಿದ ಮೂರು ಕೂಸುಗಳಲ್ಲಿ ಎರಡು ಹೀಗೆ ಹೋಗುತ್ತಿದ್ದವು.

ಮೂರರಲ್ಲಿ ಎರಡು. ಮತ್ತೊಮ್ಮೆ ಹಿಂದಿನ ಪುಟಗಳಿಗೆ ಹೋಗಿ ಆ ಶಾಲು ಹೊದ್ದ ಹೆಂಗಸರನ್ನು ನೋಡಿದೆ. 1886ರಲ್ಲಿ ಕ್ಯಾಮೆರಾದ ಎದುರು ಅವರನ್ನು ನಿಲ್ಲಿಸಿದಾಗ ಕೂಸುಗಳು ಇನ್ನೂ ಸಾಯುತ್ತಿದ್ದವು. ಮನೆಗಳ ಸಾಲಿನ ಹಿಂದೆ ದುಂಡನೆಯ ಗೋಡೆ ಕಟ್ಟಿದ ಸ್ಮಶಾನವಿದೆ. ದೂರದಿಂದ ತೆಗೆದ ಚಿತ್ರಗಳಲ್ಲಿ ಅದೂ ಕಾಣುತ್ತದೆ. ನಾನು ಅದನ್ನು ಕುರಿಯ ದೊಡ್ಡಿ ಅಂದುಕೊಂಡಿದ್ದೆ.

ನಮಗೆ ಈ ಕಾಯಿಲೆ ಗೊತ್ತಿಲ್ಲದ್ದಲ್ಲ. ಧನುರ್ವಾಯು. ಹೊಕ್ಕುಳ ಬಳ್ಳಿ ಕೊಯ್ದ ಗಾಯದಿಂದ ಮಣ್ಣಿನ, ಗೊಬ್ಬರದ ವಿಷಾಣು ಒಳಗೆ ಸೇರಿ ಬರುವುದು. ನನ್ನ ಅಜ್ಜಿ ಹನ್ನೊಂದು ಹೆತ್ತು ಐವರನ್ನು ಉಳಿಸಿಕೊಂಡವಳು. ಹೋದವುಗಳಲ್ಲಿ ಎರಡು "ಸೆಟೆದು ಹೋದವು" ಎಂದು ಅವಳು ಹೇಳಿದ್ದು ನನಗೆ ನೆನಪಿದೆ; ಅದರ ಅರ್ಥ ಆಗ ತಿಳಿದಿರಲಿಲ್ಲ. ಬಿದಿರ ಸಿಬರಿನಲ್ಲೋ ಕುಡುಗೋಲಿನಲ್ಲೋ ಕೊಯ್ದು ಒಲೆಯ ಬೂದಿ ಹಚ್ಚುತ್ತಿದ್ದ ಕಾಲ. ಗರ್ಭಿಣಿಯರಿಗೆ ಟಿ.ಟಿ. ಇಂಜೆಕ್ಷನ್, ಸ್ವಚ್ಛವಾದ ಬ್ಲೇಡು, ಆಸ್ಪತ್ರೆ ಹೆರಿಗೆ ಇವೆಲ್ಲ ಬಂದು, ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡದ್ದು 2015ರಲ್ಲಿ. ಎಷ್ಟು ಈಚೆಗೆ, ನೋಡಿ.

ಹಿರ್ಟಾದಲ್ಲಿ ಯಾಕೆ ಅಷ್ಟೊಂದು? ಹಳೆಯ ಕಾಲದ ಮನೆಯಲ್ಲಿ ಚಳಿಗಾಲವಿಡೀ ದನ ಜನ ಒಂದೇ ಸೂರಿನಡಿ. ಸಗಣಿ ಗಂಜಲ ನೆಲದ ಮೇಲೇ ತುಂಬಿ, ಬೇಸಿಗೆಗೆ ಮುನ್ನ ಹೊಲಕ್ಕೆ ಹೋಗುವುದು. ಅಲ್ಲಿಯ ಸೂಲಗಿತ್ತಿಗೆ ಗೇಲಿಕ್‌ನಲ್ಲಿ 'ಮೊಣಕಾಲಿನ ಹೆಂಗಸು' ಎಂದು ಹೆಸರು, ಮೊಣಕಾಲೂರಿ ಹೆರಿಗೆ ಮಾಡಿಸುವವಳು. ಅವಳು ಗ್ಯಾನೆಟ್ ಹಕ್ಕಿಯ ಹೊಟ್ಟೆಯ ಚೀಲದಲ್ಲಿಟ್ಟ ಫುಲ್ಮರ್ ಎಣ್ಣೆಯನ್ನು ಹೊಕ್ಕುಳಿಗೆ ಹಚ್ಚುತ್ತಿದ್ದದ್ದೇ ಕಾರಣ ಎಂದು ಬಹಳ ಜನ ಬರೆದಿದ್ದಾರೆ. ಅದಕ್ಕೆ ಗಟ್ಟಿ ಸಾಕ್ಷಿಯಿಲ್ಲ ಎಂದೂ ಈಚಿನವರು ಹೇಳುತ್ತಾರೆ. ನನಗಂತೂ ಎಲ್ಲ ಆ ಮುದುಕಿಯ ತಲೆಗೆ ಕಟ್ಟುವುದು ಸರಿ ಕಾಣಲಿಲ್ಲ. ಆ ದ್ವೀಪದಲ್ಲಿ ವೈದ್ಯರಿರಲಿಲ್ಲ, ವಿಷಾಣುವೆಂಬುದು ದೊಡ್ಡ ಊರಿನ ಡಾಕ್ಟರಿಗೂ ಗೊತ್ತಿರಲಿಲ್ಲ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರು ದುಡ್ಡು ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದವರು. ಅಂಥ ಕೈಗಳನ್ನು ನಂಬಿಯೇ ನಮ್ಮ ಅಜ್ಜಿಯರು ಹೆತ್ತದ್ದು. ಕೈ ಒಳ್ಳೆಯದೇ ಇತ್ತು, ಕೈಗೆ ಸಿಕ್ಕ ಸಲಕರಣೆ ಕೆಟ್ಟದ್ದಿತ್ತು.

ಧನುರ್ವಾಯುವಿನ ವಿಷಾಣುವನ್ನು ಜಪಾನಿನ ಕಿತಾಸಾಟೋ ಪ್ರಯೋಗಶಾಲೆಯಲ್ಲಿ ಬೇರ್ಪಡಿಸಿದ್ದು 1889ರಲ್ಲಿ. ಅದೇ ವರ್ಷ ಹಿರ್ಟಾಕ್ಕೆ ಆಂಗಸ್ ಫಿಡೆಸ್ ಎಂಬ ಹೊಸ ಪಾದ್ರಿ ಬಂದರು. ಅವರಿಗಿಂತ ಮೊದಲಿದ್ದ ಪಾದ್ರಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಭಾನುವಾರದ ಕಟ್ಟುನಿಟ್ಟಿನಲ್ಲೇ ಊರನ್ನು ನಡೆಸಿದವರು. ಕೂಸು ಹೋಗುವುದು ದೇವರ ಚಿತ್ತ ಎಂದು ನಂಬಿದ ಊರು ಅದು. ಫಿಡೆಸ್ ಏನು ಮಾಡಿದರು ಗೊತ್ತೇ? ಹಡಗು ಹತ್ತಿ ಗ್ಲಾಸ್ಗೋಗೆ ಬಂದು ಹೆರಿಗೆ ಮಾಡಿಸುವ ಶುಚಿತ್ವದ ಕ್ರಮ ಕಲಿತರು! ಪಾದ್ರಿ, ಗಂಡಸು, ಪ್ರಸೂತಿ ಪಾಠಕ್ಕೆ ಕೂತರು. ಮರಳಿ ಹೋಗಿ, ಹಿರಿಯರ ವಿರೋಧ ಕಟ್ಟಿಕೊಂಡು, ಕೈ ತೊಳೆಯುವುದು, ಹೊಕ್ಕುಳಿಗೆ ಕ್ರಿಮಿನಾಶಕ ಹಾಕುವುದು ಇವನ್ನು ನಡೆಸಿದರು. ಆ ಕಾಯಿಲೆಯಿಂದ ಕೊನೆಯ ಕೂಸು ಸತ್ತದ್ದು 1891ರಲ್ಲಿ. ಅಷ್ಟು ಬೇಗ. ಒಂದು ಬೋಗುಣಿ ನೀರು, ಒಂದು ಸೀಸೆ ಔಷಧ.

ನಾನು ಕೂತಿದ್ದದ್ದೂ ಗ್ಲಾಸ್ಗೋದಲ್ಲೇ. ಕೂಸಿಗೆ ಆಗ ಎಂಟು ದಿನ. ಎದ್ದು ಹೋಗಿ ದೀಪ ಹಾಕಿ ಅದರ ಬಾಯಿ ನೋಡಿದೆ. ತುಟಿ ಸಡಿಲವಾಗಿ, ನಿದ್ದೆಯಲ್ಲೇ ಹಾಲು ಚೀಪುತ್ತಿತ್ತು. "ಎಂತಮ್ಮ, ಈ ಹೊತ್ತಲ್ಲಿ?" ಅಂದಳು ಮಗಳು. "ಏನಿಲ್ಲ, ಮಲಗು" ಅಂದೆ. ಬಾಣಂತಿಗೆ ಇದನ್ನೆಲ್ಲ ಹೇಳುವುದುಂಟೆ?

ಅಲ್ಲಿಂದ ಮುಂದಿನ ಕಥೆ ಎಲ್ಲರೂ ಬರೆಯುವುದೇ. ಊರಿಗೆ ಪೆಟ್ಟು ಬಿದ್ದದ್ದು ಒಂದು ಸಲವಲ್ಲ. 1727ರಲ್ಲಿ, ಹ್ಯಾರಿಸ್ ದ್ವೀಪದಲ್ಲಿ ಸಿಡುಬಾಗಿ ಸತ್ತವನೊಬ್ಬನ ಬಟ್ಟೆಯ ಜೊತೆಯಲ್ಲಿ ಸಿಡುಬು ಬಂತು. ಹಕ್ಕಿಗೆಂದು ಪಕ್ಕದ ಬಂಡೆಗೆ ಹೋಗಿದ್ದ ಮೂವರು ಗಂಡಸರು, ಎಂಟು ಹುಡುಗರನ್ನು ಕರೆತರಲು ದೋಣಿ ನಡೆಸುವವರೇ ಉಳಿಯದೆ, ಅವರು ಮುಂದಿನ ಮೇ ತಿಂಗಳವರೆಗೆ ಆ ಬಂಡೆಯ ಮೇಲೇ ಬದುಕಿದರು. ಮರಳಿದಾಗ ಊರಲ್ಲಿ ಬಹುಪಾಲು ಜನವಿರಲಿಲ್ಲ. 1852ರಲ್ಲಿ 36 ಜನ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದರು. ಅರ್ಧದಷ್ಟು ಮಂದಿ ದಾರಿಯಲ್ಲೇ ಸತ್ತರು. 1860ರ ಬಿರುಗಾಳಿಯಲ್ಲಿ ಮನೆಗಳು ಹಾಳಾದ ಮೇಲೆ ಒಡೆಯ ಹೊಸ ರೀತಿಯ 16 ಮನೆ ಕಟ್ಟಿಸಿಕೊಟ್ಟ, ಸತುವಿನ ತಗಡಿನ ಮಾಡು. ಫೋಟೋದಲ್ಲಿ ಕಾಣುವ ಚಂದದ ಸಾಲು ಅದೇ. ಹಳೆಯ ದಪ್ಪ ಗೋಡೆಯ ಮನೆಯಷ್ಟು ಅದು ಬೆಚ್ಚಗಿರಲಿಲ್ಲ.

1877ರಿಂದ ಬೇಸಿಗೆಯಲ್ಲಿ ಪ್ರವಾಸಿಗಳ ಹಡಗು ಬರತೊಡಗಿತು. ಬಂದವರ ಕೈಯಲ್ಲಿ ಕ್ಯಾಮೆರಾ. ದ್ವೀಪದವರು ಕಾಲುಚೀಲ, ಬಟ್ಟೆ, ಹಕ್ಕಿಯ ಮೊಟ್ಟೆ ಮಾರಿದರು. ಫೋಟೋ ತೆಗೆಯಬೇಕಾದರೆ ದುಡ್ಡು ಕೊಡಿ ಅಂದರು. ಮುಗ್ಧ ಜನ ಕೆಟ್ಟುಹೋದರು, ದುರಾಸೆ ಬಂತು ಎಂದು ಬಂದವರು ಮರಳಿ ಹೋಗಿ ಬರೆದರು. ಎಷ್ಟು ಸುಲಭ! ಆ ಚಿತ್ರಗಳನ್ನು ಅವರು ಪೇಟೆಯಲ್ಲಿ ಮಾರಬಹುದು, ಅದರೊಳಗೆ ನಿಂತವಳು ಕಾಸು ಕೇಳಬಾರದು. ಹಡಗು ಬಂದು ಹೋದರೆ ಊರಿಗೆಲ್ಲ ಕೆಮ್ಮು ನೆಗಡಿ. 'ಪರದೇಶಿಯ ಕೆಮ್ಮು' ಎಂದೇ ಅದಕ್ಕೆ ಹೆಸರಿತ್ತು. ಅದರ ಲೆಕ್ಕ ಯಾರು ಕೊಟ್ಟರು?

ಕೂಸುಗಳು ಉಳಿಯತೊಡಗಿದವು ಅಂದೆನಲ್ಲ. ಉಳಿದ ಕೂಸುಗಳು ದೊಡ್ಡವಾದವು, ಶಾಲೆಗೆ ಹೋದವು, ಇಂಗ್ಲಿಷ್ ಕಲಿತವು. ಮೊದಲ ಮಹಾಯುದ್ಧದಲ್ಲಿ ನೌಕಾದಳದವರು ಅಲ್ಲಿ ಠಾಣೆ ಹಾಕಿದಾಗ ಸಂಬಳವೆಂದರೇನು, ವಾರವಾರ ಬರುವ ಪತ್ರವೆಂದರೇನು ಎಂದು ಎಲ್ಲರೂ ಕಂಡರು. 1918ರ ಮೇ ತಿಂಗಳಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದು ಬಂದು ಗುಂಡು ಹಾರಿಸಿತು. ಯುದ್ಧ ಮುಗಿದು ನಾವಿಕರು ಹೋದರು, ಆಮೇಲೆ ಹುಡುಗರು ಹೋದರು. 1920ರಲ್ಲಿ 73 ಇದ್ದ ಜನ 1928ಕ್ಕೆ 37. ದೋಣಿ ನಡೆಸಲು, ಹಗ್ಗ ಹಿಡಿಯಲು ಗಟ್ಟಿ ಗಂಡಸರೇ ಸಾಲದಾದರು. ಸಾಯುವ ಕೂಸುಗಳ ಕಾಲದಲ್ಲಿ ಹೇಗೋ ನಿಂತ ಊರು, ಕೂಸುಗಳು ಬದುಕಿದ ಮೇಲೆ ಖಾಲಿಯಾಯಿತು. ಇದನ್ನು ಓದಿ ನನಗೆ ಮಾತೇ ಬರಲಿಲ್ಲ. ನಮ್ಮ ಊರಿನ ಮನೆಗಳಲ್ಲೂ ಈಗ ಇಬ್ಬಿಬ್ಬರು ಮುದುಕರು. ನನ್ನ ಮಗಳೇ ಗ್ಲಾಸ್ಗೋದಲ್ಲಿ.

1930ರ ಜನವರಿಯಲ್ಲಿ ಹಿರ್ಟಾದ ಒಬ್ಬ ಎಳೆಯ ತಾಯಿ ಕಾಯಿಲೆ ಬಿದ್ದಳು. ಮನೆಯಲ್ಲಿ ಐದು ವರ್ಷದೊಳಗಿನ ಮಗನಿದ್ದ. ಕಷ್ಟಪಟ್ಟು ಅವಳನ್ನು ದ್ವೀಪದಿಂದ ಸಾಗಿಸಿದರು. ಗ್ಲಾಸ್ಗೋದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಪೆಂಡಿಸೈಟಿಸ್‌ನಿಂದ ಸತ್ತಳು, ಆ ಸಾವೇ ಊರಿನ ಧೈರ್ಯ ಮುರಿಯಿತು ಎಂದು ಎಲ್ಲರೂ ಹೇಳುತ್ತ ಬಂದರು. 1991ರಲ್ಲಿ, ಮುದುಕನಾಗಿದ್ದ ಆ ಮಗ ಮರಣಪತ್ರ ತೆಗೆಸಿ ನೋಡಿದ. ಅವಳು ಒಂದು ಹೆಣ್ಣು ಕೂಸು ಹೆತ್ತಿದ್ದಳು. ಸತ್ತದ್ದು ನ್ಯುಮೋನಿಯಾದಿಂದ. ಕೂಸೂ ಉಳಿಯಲಿಲ್ಲ. ತನಗೊಬ್ಬಳು ತಂಗಿ ಇದ್ದಳೆಂದು ಅವನಿಗೆ ತಿಳಿಯಲು ಅರವತ್ತು ವರ್ಷ ಬೇಕಾಯಿತು.

ವಿಲಿಯಮಿನಾ ಬಾರ್ಕ್ಲೆ ಎಂಬ ನರ್ಸ್ ಆಗ ದ್ವೀಪದಲ್ಲಿದ್ದರು. ಮನೆಮನೆಯ ಕಷ್ಟ ಕಂಡವರು, ಊರು ಬಿಡುವ ಮಾತಿಗೆ ಒತ್ತಾಸೆಯಾಗಿ ನಿಂತವರು. 1930ರ ಮೇ 10ರಂದು ಬರೆದ ಮನವಿಗೆ 20 ಜನ ಸಹಿ ಹಾಕಿದರು: ನಮ್ಮನ್ನು ಇಲ್ಲಿಂದ ಕರೆದುಕೊಂಡು ಹೋಗಿ, ಬೇರೆ ಕಡೆ ಮನೆ, ಕೆಲಸ ಕೊಡಿ ಎಂದು. ಆ ಸಹಿಗಳಲ್ಲಿ ಹೆಂಗಸರದೂ ಇತ್ತು, ವಿಧವೆಯರದೂ ಇತ್ತು. ಪಾರ್ಲಿಮೆಂಟಿನ ಸಾಲಿನಲ್ಲಿ ನಿಲ್ಲದವರು ಈ ಕಾಗದದ ಮೇಲೆ ನಿಂತರು. ಇದರ ಫೋಟೋ ನನಗೆ ಬಹಳ ಹಿಡಿಸಿತು. ವಕ್ರ ವಕ್ರ ಅಕ್ಷರಗಳು.

ಆಗಸ್ಟ್ 29ರ ಬೆಳಿಗ್ಗೆ 36 ಜನರೂ ಹೇರ್‌ಬೆಲ್ ಎಂಬ ನೌಕಾದಳದ ಹಡಗು ಹತ್ತಿದರು. ದನ ಕುರಿ ಮೊದಲೇ ಹೋಗಿದ್ದವು. ನಾಯಿಗಳನ್ನು ಒಯ್ಯಲಾಗದೆ ಕೊರಳಿಗೆ ಕಲ್ಲು ಕಟ್ಟಿ ಕಡಲಿಗೆ ಹಾಕಿದರು, ಅವರ ಕೈಯಾರೆ. ಮನೆಮನೆಯಲ್ಲೂ ಒಂದು ಬೈಬಲ್ಲು ತೆರೆದಿಟ್ಟು, ಒಂದು ಹಿಡಿ ಓಟ್ಸ್ ಧಾನ್ಯ ಇಟ್ಟು ಬಾಗಿಲು ಹಾಕಿದರು. ಒಂದು ಮನೆಯಲ್ಲಿ ತೆರೆದಿದ್ದ ಪುಟ ವಿಮೋಚನಕಾಂಡದ್ದು ಎಂದು ಹೇಳುತ್ತಾರೆ. ಈ ಹೊರಡುವ ಗಳಿಗೆಯನ್ನು ಪತ್ರಿಕೆಯವರು ತಮಾಷೆ ಮಾಡಬಾರದೆಂದು ಸರಕಾರ ಕ್ಯಾಮೆರಾಗಳನ್ನು ದೂರವಿಡಲು ಯತ್ನಿಸಿತಂತೆ. ಅದೊಂದು ಒಳ್ಳೆಯ ಕೆಲಸ ಎಂದು ನನ್ನ ಅಭಿಪ್ರಾಯ.

ಲೊಖಾಲಿನ್ ಎಂಬಲ್ಲಿ ಹಲವರಿಗೆ ಮನೆ ಕೊಟ್ಟರು, ಗಂಡಸರಿಗೆ ಅರಣ್ಯ ಇಲಾಖೆಯಲ್ಲಿ ಕೆಲಸ. ಮರವನ್ನೇ ಕಾಣದ ಊರಿನವರಿಗೆ! ಹಳೆಯ ನಂಟು ಕಡಿಯಲಾರದೆ ಕೆಲವರು ಮುಂದಿನ ಬೇಸಿಗೆಗಳಲ್ಲಿ ದ್ವೀಪಕ್ಕೆ ಹೋಗಿ ತಮ್ಮದೇ ಮನೆಯ ಬೀಗ ತೆಗೆದು ಕೆಲವು ವಾರ ಇದ್ದು ಬರುತ್ತಿದ್ದರು. ಮನೆಯೊಳಗೆ ಮಾತ್ರ ಬದುಕುವ ಒಂದು ಜಾತಿಯ ಇಲಿ ಅಲ್ಲಿತ್ತು, ಲೋಕದಲ್ಲಿ ಬೇರೆಲ್ಲೂ ಇಲ್ಲದ್ದು. ಮನುಷ್ಯರು ಹೋದ ಕೆಲವೇ ವರ್ಷಗಳಲ್ಲಿ ಅದೂ ಅಳಿಯಿತು. ದ್ವೀಪ 1957ರಲ್ಲಿ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್‌ಗೆ ಸೇರಿತು, 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಹಡಗು ಹತ್ತಿದ 36 ಜನರಲ್ಲಿ ಕೊನೆಯವರು 2016ರಲ್ಲಿ 93ನೆಯ ವಯಸ್ಸಿನಲ್ಲಿ ತೀರಿಕೊಂಡರು; ಹೊರಟ ದಿನ ಎಂಟು ವರ್ಷದ ಹುಡುಗಿ ಆಕೆ.

ಊರಿಗೆ ಮರಳಿದ ಮೇಲೆ ಟ್ರಂಕಿನಿಂದ ಅಜ್ಜಿಯ ಮನೆಯ ಫೋಟೋ ತೆಗೆದೆ. ಇದನ್ನು ನೋಡಿ ನಾವು ಮೊಮ್ಮಕ್ಕಳು, "ಎಂಥ ಮನೆ, ಎಂಥ ಕಾಲ" ಎಂದು ಎಷ್ಟು ಸಲ ಹಲುಬಿದ್ದೇವೋ! ಒಮ್ಮೆ ಅಜ್ಜಿ ಕೇಳಿಸಿಕೊಂಡು, "ನಿಂಗಳಿಗೆ ಹೆಂಚು ಕಾಣ್ತು, ನಂಗೆ ಹೊಗೆ ಕಾಣ್ತು" ಅಂದು ಎದ್ದು ಹೋಗಿದ್ದಳು. ಜಗಲಿಯ ಮೇಲೆ ಅಜ್ಜ, ಅವನ ತಮ್ಮಂದಿರು, ಶಾನುಭೋಗರು, ಎಲೆಯಡಿಕೆ ತಟ್ಟೆ. ಮೆಟ್ಟಿಲ ಮೇಲೆ ಮಕ್ಕಳು. ಹೆಂಗಸರು ಒಬ್ಬರೂ ಇಲ್ಲ. ಕನ್ನಡಕ ಹಾಕಿ ಬೆಳಕಿಗೆ ಹಿಡಿದು ನೋಡಿದರೆ ಹಿಂದಿನ ಬಾಗಿಲ ಕತ್ತಲೆಯಲ್ಲಿ ಬೆಳ್ಳಗೆ ಕದಡಿದ ಒಂದು ಮಚ್ಚೆ. ಯಾರೋ ನಿಂತಿದ್ದು, ಫೋಟೋ ತೆಗೆಯುವಾಗ ಸರಿದ ಹಾಗೆ.

ಅಮ್ಮನಿಗೆ ತೋರಿಸಿದೆ. ಅವಳಿಗೀಗ ಎಂಬತ್ತು ದಾಟಿದೆ. ಬಹಳ ಹೊತ್ತು ನೋಡಿದಳು.

"ಅಬ್ಬೆಯೇ ಇರಬೇಕು" ಅಂದಳು. "ಕೈಯಲ್ಲಿ ಎಂತದೋ ಹಿಡ್ಕಂಡ ಹಾಗೆ ಕಾಣ್ತು. ಆ ವರ್ಷ ಒಂದು ಕೂಸು ಇತ್ತು."